ಕಸ್ಟಮ್ ಮುನೀಂದ್ರ ಮತ್ತು ಅವರಮ್ಮನ ಹೆಬ್ಬೆಟ್ಟು

ಕಗ್ಗದಾಸಪುರದ ಮುನೀಂದ್ರನಿಗೆ ಕಂಪ್ಯೂಟರ್ ಲೈನಿನವರು ಇಟ್ಟ ಹೆಸರು ಕಸ್ಟಮ್ ಮುನೀಂದ್ರ. ಇಟ್ಟವರೇನೂ ಹೊಗಳಲಿಕ್ಕೆ ಇಟ್ಟಿರಲಿಲ್ಲ. ಅವನು ಮಾತ್ರ ಬಹಳ ವರ್ಷ ಅದನ್ನು ಬಿರುದು ಅಂದುಕೊಂಡೇ ಓಡಾಡಿದ. ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸುವುದೊಂದು ಬಾಕಿ ಇತ್ತು. ಅದನ್ನೂ ಹಾಕಿಸುತ್ತಿದ್ದನೋ ಏನೋ, ಹೆಂಡತಿ ಸುಕನ್ಯ, "ಕಸ್ಟಮ್ಸ್ ಆಫೀಸಿನೋರು ರೇಡ್ ಮಾಡೋಕೆ ಬಂದ್ರು ಅಂತ ಜನ ಬಾಗ್ಲು ಹಾಕ್ಕೋತಾರೆ ರೀ" ಅಂದದ್ದರಿಂದ ಸುಮ್ಮನಾದ.

ವಿಷಯ ಇಷ್ಟೇ. ಹೊಸ ಕಂಪ್ಯೂಟರಿಗೆ ವಿಂಡೋಸ್ ಹಾಕುವಾಗ ಆ ಕಾಲದಲ್ಲಿ ಮಶಿನ್ ಒಂದು ಪ್ರಶ್ನೆ ಕೇಳುತ್ತಿತ್ತು: ಟಿಪಿಕಲ್ ಬೇಕೋ, ಕಸ್ಟಮ್ ಬೇಕೋ? ಟಿಪಿಕಲ್ ಅಂದರೆ ಏನೇನು ಬೇಕು ಅನ್ನುವುದನ್ನು ಮಶಿನ್ನೇ ತೀರ್ಮಾನಿಸಿ ಹಾಕಿಕೊಳ್ಳುತ್ತದೆ. ಕಸ್ಟಮ್ ಅಂದರೆ ಒಂದೊಂದನ್ನೂ ನಾವೇ ನೋಡಿ ಟಿಕ್ ಹಾಕಿ ಆರಿಸಬೇಕು. ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಮಾಡಿಕೊಡುವ ಊರಿನ ಉಳಿದ ಅಸೆಂಬ್ಲರುಗಳೆಲ್ಲ ಕಣ್ಣು ಮುಚ್ಚಿಕೊಂಡು ಟಿಪಿಕಲ್ ಒತ್ತಿ ಚಹಾ ಕುಡಿಯಲು ಹೋಗುತ್ತಿದ್ದರು. ಮುನೀಂದ್ರ ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂರುತ್ತಿದ್ದ. "ಟಿಪಿಕಲ್ ಅಂದ್ರೆ ಕಲ್ಯಾಣಮಂಟಪದ ಊಟ ಸಾರ್, ಎಲೆ ಮೇಲೆ ಬಡಿಸಿದ್ದನ್ನ ತಿನ್ಬೇಕು. ಕಸ್ಟಮ್ ಅಂದ್ರೆ ಮನೆ ಊಟ" ಅಂತ ಹಲಸೂರಿನಿಂದ ಕೆ.ಆರ್. ಪುರದವರೆಗೆ ಅದೆಷ್ಟು ಮನೆಗಳಲ್ಲಿ ಭಾಷಣ ಬಿಗಿದಿದ್ದನೋ ಲೆಕ್ಕವಿಲ್ಲ. ಮನೆ ಊಟದಲ್ಲೂ ಏನು ಬೇಯಿಸಬೇಕು ಅನ್ನುವುದನ್ನು ಅಡುಗೆ ಮಾಡುವವರೇ ತೀರ್ಮಾನಿಸುತ್ತಾರೆ, ಉಣ್ಣುವವರಲ್ಲ, ಅನ್ನುವುದು ಅವನಿಗೆ ಹೊಳೆದದ್ದು ಬಹಳ ತಡವಾಗಿ.

ಈ ಹುಚ್ಚು ಎಲ್ಲಿಂದ ಬಂತು ಅಂತ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದು ಅನ್ನುವುದೇ ಅವನ ಜೀವನದ ದೊಡ್ಡ ಚಿಂತೆಯಾಗಿತ್ತು.

ಅವನ ತಾಯಿ ಬೈರಮ್ಮನಿಗೆ ತವರಿನಿಂದ ಅರಿಶಿನ ಕುಂಕುಮಕ್ಕೆ ಅಂತ ಬಂದ ಹನ್ನೆರಡು ಗುಂಟೆ ತೋಟ ಕೆರೆಯ ಕೆಳಗಿತ್ತು. ತೋಟದ ಒಂದು ಬದಿಗೆ ಕಲ್ಲು ಕಟ್ಟಿದ ಬಾವಿ. ದಂಟು, ಮೆಂತ್ಯ, ಕೊತ್ತಂಬರಿ ಬೆಳೆದು, ಕುಕ್ಕೆಯನ್ನು ಮೊದಲ ಬಸ್ಸಿಗೆ ಏರಿಸಿ, ಶಿವಾಜಿನಗರದ ಮಾರ್ಕೆಟ್ಟಿನ ಹೊರಗೆ ಕೂತು ಮಾರಿ ಬರುತ್ತಿದ್ದಳು. ಗಂಡ ಮುನಿನಾರಾಯಣಪ್ಪ ತೀರಿಕೊಂಡ ಮೇಲೆ ಮನೆ ನಡೆದದ್ದೇ ಆ ಕುಕ್ಕೆಯಿಂದ. ತೊಂಬತ್ತನೇ ಇಸವಿಯಲ್ಲಿ, ಸುತ್ತಲ ಹೊಲಗಳೆಲ್ಲ ಸೈಟುಗಳಾಗುತ್ತಿದ್ದಾಗ, ಬಿಳಿ ಸಫಾರಿ ತೊಟ್ಟ ಬ್ರೋಕರ್ ಒಬ್ಬ ಮನೆಗೆ ಬಂದ. ಆರು ಗುಂಟೆ ಕೊಡುವುದು, ಬಾವಿ ಇರುವ ಆರು ಗುಂಟೆ ಉಳಿಸಿಕೊಳ್ಳುವುದು ಅಂತ ಮಾತಾಯಿತು. ವಾರ ಬಿಟ್ಟು ಕಾಗದ ತಂದ. ಹದಿಮೂರು ಹಾಳೆ. ಬೈರಮ್ಮನಿಗೆ ಓದು ಬಾರದು. ಮನೆಯಲ್ಲಿ ಪಿಯುಸಿ ಪಾಸಾಗಿದ್ದವನು ಇಪ್ಪತ್ತೆರಡು ವರ್ಷದ ಮುನೀಂದ್ರನೊಬ್ಬನೇ.

"ಓದಪ್ಪ, ಏನೈತೆ ನೋಡು" ಅಂದಳು.

ಅವತ್ತು ಮಧ್ಯಾಹ್ನ ಮೂರಕ್ಕೆ ಶಿವಾಜಿನಗರದಲ್ಲಿ ಅವನ ಮೊದಲ ಕಂಪ್ಯೂಟರ್ ಕ್ಲಾಸು. ಬಸ್ಸು ಎರಡಕ್ಕೆ. ಅದು ತಪ್ಪಿದರೆ ಮುಂದಿನದು ಯಾವಾಗ ಅಂತ ಡ್ರೈವರಿಗೂ ಗೊತ್ತಿರುತ್ತಿರಲಿಲ್ಲ. ಮುನೀಂದ್ರ ಮೊದಲ ಹಾಳೆಯ ತಲೆಬರಹ ನೋಡಿದ. ಕೊನೆಯ ಹಾಳೆಯಲ್ಲಿ ತಾಯಿಯ ಹೆಸರು ಸರಿ ಇದೆಯೇ ನೋಡಿದ. ನಡುವಿನ ಹನ್ನೊಂದು ಹಾಳೆಗಳನ್ನು ಹೆಬ್ಬೆರಳಿನಲ್ಲಿ ಸರ್ರನೆ ಸರಿಸಿದ.

"ಏನಿಲ್ಲಮ್ಮ, ಎಲ್ಲಾರೂ ಒತ್ತೋದೇ" ಅಂದ.

ಬೈರಮ್ಮ ಹೆಬ್ಬೆಟ್ಟು ಒತ್ತಿದಳು. ಮುನೀಂದ್ರನಿಗೆ ಬಸ್ಸು ಸಿಕ್ಕಿತು, ಕಿಟಕಿ ಪಕ್ಕದ ಸೀಟೇ ಸಿಕ್ಕಿತು.

ಮೂರು ತಿಂಗಳ ಮೇಲೆ ಬಾವಿಯ ಪಕ್ಕ ಗಡಿಕಲ್ಲು ನೆಡಲು ಜನ ಬಂದರು. ಕಾಗದದಲ್ಲಿ ಹನ್ನೆರಡು ಗುಂಟೆಯೂ ಬರೆದಿತ್ತು, ಬಾವಿ ಸಮೇತ. ಏಳನೇ ಹಾಳೆಯಲ್ಲಿ, ಅಚ್ಚ ಕನ್ನಡದಲ್ಲಿ, ಮೂರನೇ ಕ್ಲಾಸಿನ ಮಕ್ಕಳೂ ಓದುವಷ್ಟು ದಪ್ಪ ಅಕ್ಷರದಲ್ಲಿ ಬರೆದಿತ್ತು.

"ನೀನು ಓದ್ದಾಗ್ಲೂ ಹಿಂಗೇ ಇತ್ತಾ?" ಅಂತ ಬೈರಮ್ಮ ಕೇಳಿದಳು.

"ಇಲ್ಲಮ್ಮ, ಒಂದೊಂದಕ್ಷರ ಓದಿದ್ದೆ. ಆಮೇಲೆ ಹಾಳೆ ಬದಲಾಯಿಸವ್ನೆ ಕಳ್ಳ ನನ್ಮಗ" ಅಂದ.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಬೈರಮ್ಮ ಒಂದು ಚೂರೂ ಅನುಮಾನಿಸದೆ ನಂಬಿದಳು. ಅವತ್ತಿನಿಂದ ಅಮಾವಾಸ್ಯೆ ಅಮಾವಾಸ್ಯೆಗೂ ಮುನೇಶ್ವರನ ಕಲ್ಲಿನ ಮುಂದೆ ಕಾಯಿ ಒಡೆದು, ಹಾಳೆ ಬದಲಾಯಿಸಿದವನ ಕೈ ಸೇದಿಹೋಗಲಿ ಅಂತ ಶಾಪ ಹಾಕತೊಡಗಿದಳು. ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಊರಿನಲ್ಲಿ ಯಾರ ಮನೆಗೆ ಕಾಗದ ಬಂದರೂ, "ನನ್ ಮಗ ಓದ್ದಾಗ ಸರಿಯಾಗೇ ಇತ್ತು, ಓದೋದ್ರಾಗೆ ಅವನ್ನ ಮೀರ್ಸೋರಿಲ್ಲ, ಅವನ ಕೈಲಿ ಓದಿಸ್ಕಳಿ" ಅಂತ ಕರೆತರುತ್ತಿದ್ದಳು. ಪಕ್ಕದ ಮನೆಯ ದೊಡ್ಡಮುನಿಯಮ್ಮ ಕರೆಂಟು ಬಿಲ್ಲನ್ನೂ ಬಿಡದೆ ತಂದು ಮುಂದೆ ಹಿಡಿಯುತ್ತಿದ್ದಳು. ಮುನೀಂದ್ರ ತಲೆ ತಗ್ಗಿಸಿಕೊಂಡು ಓದಿ ಹೇಳುತ್ತಿದ್ದ. ಮಾರ್ಕೆಟ್ಟಿಗೆ ಸೊಪ್ಪು ಹಾಕುತ್ತಿದ್ದ ಬೈರಮ್ಮ ಮೊದಲ ಸಲ ತಳ್ಳುಗಾಡಿಯವನ ಹತ್ತಿರ ಒಂದು ಕಟ್ಟು ಕೊತ್ತಂಬರಿ ಕೊಂಡು ತಂದ ದಿನ ಅವನಿಗೆ ಅನ್ನ ಇಳಿಯಲಿಲ್ಲ. ಹೊಟ್ಟೆ ಸರಿ ಇಲ್ಲ ಅಂದ. ಅದೂ ಸುಳ್ಳೇ.

ನಿಜ ಹೇಳಿಬಿಡಬೇಕು ಅಂತ ಪ್ರತಿ ವರ್ಷ ಯುಗಾದಿಗೆ ಅಂದುಕೊಳ್ಳುತ್ತಿದ್ದ. ಹೇಳಿದರೆ ತೋಟ ವಾಪಸ್ ಬರುವುದಿಲ್ಲ, ಆದರೆ ಅವಳ ಹತ್ತಿರ ಉಳಿದಿರುವ ಒಂದೇ ಹೆಮ್ಮೆಯೂ ಹೋಗುತ್ತದೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು ಹೋಳಿಗೆ ತಿನ್ನುತ್ತಿದ್ದ.

ಇತ್ತ ಶಿವಾಜಿನಗರದಲ್ಲಿ ಅವನ ವಿದ್ಯೆ ಏರುತ್ತಲೇ ಹೋಯಿತು. ಅವನು ಕಲಿತದ್ದು ಅಹ್ಮದ್ ಪಾಷಾ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಪಾಷಾ ಅವರ ಮಗ ಅಫ್ಜಲ್ ಮೊದಲು ಗೆಳೆಯನಾದ, ಆಮೇಲೆ ಪಾರ್ಟ್ನರ್ ಆದ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಅತ್ತರ್ ಅಂಗಡಿಯ ಮೇಲೆ, ಏಣಿಯಂಥ ಮೆಟ್ಟಿಲು ಹತ್ತಿ ಹೋಗುವ ಒಂದು ಕೋಣೆಯಲ್ಲಿ ಇಬ್ಬರೂ ಮಶಿನ್ ಜೋಡಿಸುತ್ತಿದ್ದರು. ಆಗಿನ ಮಶಿನ್‌ಗಳಲ್ಲಿ ಸೌಂಡ್ ಕಾರ್ಡ್ ಹಾಕಿದರೆ ಮೋಡೆಮ್ ಸಾಯುತ್ತಿತ್ತು, ಮೋಡೆಮ್ ಬದುಕಿಸಿದರೆ ಮೌಸ್ ನಿಲ್ಲುತ್ತಿತ್ತು. ಎರಡು ಕಾರ್ಡುಗಳು ಒಂದೇ ನಂಬರಿಗೆ ಕಿತ್ತಾಡುತ್ತಿದ್ದವು. ಜಂಪರ್ ಅನ್ನುವ ಅಕ್ಕಿಕಾಳಿನಷ್ಟು ಚಿಕ್ಕ ಚೂರನ್ನು ಒಂದು ಪಿನ್ನಿನಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸಿ ಅವುಗಳಿಗೆ ರಾಜಿ ಮಾಡಿಸಬೇಕಾಗಿತ್ತು. ಅದರಲ್ಲಿ ಮುನೀಂದ್ರನದು ಎತ್ತಿದ ಕೈ. ಸುಕನ್ಯ ಹುಬ್ಬು ತೀಡಲು ತವರಿನಿಂದ ತಂದಿದ್ದ ಚಿಮಟ ಮದುವೆಯಾದ ವಾರದಲ್ಲೇ ಕಾಣೆಯಾಗಿ ಅತ್ತರ್ ಅಂಗಡಿಯ ಮೇಲೆ ಕೆಲಸಕ್ಕೆ ಸೇರಿತ್ತು.

ತೊಂಬತ್ತೈದರಲ್ಲಿ ಹೊಸ ವಿಂಡೋಸ್ ಬಂತು. ಇನ್ನು ಕಾರ್ಡ್ ಸಿಕ್ಕಿಸಿದರೆ ಸಾಕು, ಅದೇ ಗುರುತು ಹಿಡಿದು ಅದೇ ಹೊಂದಿಸಿಕೊಳ್ಳುತ್ತದೆ ಅಂದರು. ಮುನೀಂದ್ರನಿಗೆ ಇದು ಸುತರಾಂ ಹಿಡಿಸಲಿಲ್ಲ. ಅದು ಗುರುತು ಸಿಗದೆ ತಬ್ಬಿಬ್ಬಾದಾಗಲೆಲ್ಲ ಅಫ್ಜಲನ ಕಡೆ ತಿರುಗಿ ಮೀಸೆ ಮೇಲೆ ಕೈ ಹಾಕುತ್ತಿದ್ದ. ಸರಿಯಾಗಿ ಗುರುತಿಸಿದಾಗ ಚಹಾ ಕುಡಿಯಲು ಕೆಳಗೆ ಇಳಿಯುತ್ತಿದ್ದ. ಮಶಿನ್ ಮನುಷ್ಯನ ಮಾತು ಕೇಳಬೇಕು, ಮನುಷ್ಯ ಮಶಿನ್ ಮಾತು ಕೇಳಬಾರದು ಅನ್ನುವುದು ಅವನ ಸಿದ್ಧಾಂತ. ಅದರಲ್ಲಿ ಮನುಷ್ಯ ಅಂದರೆ ಮುನೀಂದ್ರ. ಮಶಿನ್ ಕೊಂಡವರು ಅಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಇಸ್ಪೀಟು ಆಟ ತೆಗೆದುಬಿಡುತ್ತಿದ್ದ, ಮಕ್ಕಳು ಕೆಡುತ್ತಾರೆ ಅಂತ. ಸ್ಕ್ರೀನ್ ಸೇವರ್ ತೆಗೆಯುತ್ತಿದ್ದ, ಮೀನು ನೋಡುತ್ತಾ ಕೂರಬಾರದು ಅಂತ. ಚಿತ್ರ ಬರೆಯುವ ಪೇಂಟ್ ತೆಗೆಯುತ್ತಿದ್ದ, ಯಾಕೆಂದರೆ ಅವನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ತೊಂಬತ್ತೊಂಬತ್ತರಲ್ಲಿ ಫ್ರೇಜರ್ ಟೌನಿನ ಶಂಶುನ್ನೀಸಾ ಅನ್ನುವ ಹೆಂಗಸಿಗೆ ಒಂದು ಮಶಿನ್ ಹಾಕಿಕೊಟ್ಟ. ಆಕೆ ಮದುವೆ ಬಟ್ಟೆಗಳಿಗೆ ಜರ್ದೋಸಿ ಅನ್ನುವ ಜರಿ ಕಸೂತಿ ಕೆಲಸ ಮಾಡಿಸುತ್ತಿದ್ದಳು. ಮಾರನೇ ದಿನವೇ ಫೋನು ಬಂತು.

"ಮುನೀಂದ್ರ ಭಾಯ್, ಇದ್ರಲ್ಲಿ ಬಳ್ಳಿ, ಹೂವು ಬರೆಯೋದು ಎಲ್ಲಿ ಹೋಯ್ತು? ನಮ್ಮ ಅಕ್ಕನ ಮನೆ ಮಶಿನಲ್ಲಿ ಇದೆಯಲ್ಲಾ?"

"ಅದು ಮಕ್ಕಳಾಟದ್ದು ಆಪಾ. ಸುಮ್ನೆ ಜಾಗ ತಿನ್ನತ್ತೆ. ತೆಗೆದುಬಿಟ್ಟೆ."

"ಅಯ್ಯೋ, ಅದಕ್ಕೇ ಅಲ್ವಾ ನಾನು ಮಶಿನ್ ತಗೊಂಡಿದ್ದು?"

"ನೀವು ಮೊದ್ಲೇ ಹೇಳ್ಬೇಕಿತ್ತು ಆಪಾ."

"ನೀವೆಲ್ಲಿ ಕೇಳಿದ್ರಿ? ಮಶಿನ್ ಕೇಳಿದ್ದಕ್ಕೆಲ್ಲಾ ನೀವೇ ಜವಾಬು ಕೊಟ್ರಿ. ನಾನು ಚಾಯ್ ತಂದಿಟ್ಟೆ ಅಷ್ಟೇ."

ಮುನೀಂದ್ರ ಬಸ್ಸು ಹಿಡಿದು ಹೋಗಿ ಪೇಂಟ್ ಹಾಕಿಕೊಟ್ಟು ಬಂದ. ಪಾಠ ಕಲಿತನೇ ಅಂದರೆ ಇಲ್ಲ. ಅದೊಂದು ಬೇರೆ ಥರದ ಕೇಸು ಅಂತ ಅಂದುಕೊಂಡು, ಮುಂದಿನ ಮನೆಯಲ್ಲಿ ಮತ್ತೆ ಪೇಂಟ್ ಕಿತ್ತುಹಾಕಿದ.

ಆಮೇಲೆ ಇನ್ನೂ ಹೊಸ ವಿಂಡೋಸ್ ಬಂತು. ಅದು ಟಿಪಿಕಲ್ಲೋ ಕಸ್ಟಮ್ಮೋ ಅಂತ ಕೇಳುವುದನ್ನೇ ಹೆಚ್ಚುಕಡಿಮೆ ಬಿಟ್ಟುಬಿಟ್ಟಿತು. ನೆಟ್‌ವರ್ಕಿನ ಹತ್ತಿರ ಒಂದೇ ಒಂದು ಕಡೆ ಆ ಮಾತು ಉಳಿದಿತ್ತು. ಮುನೀಂದ್ರ ಅಲ್ಲಿಯಾದರೂ ಕಸ್ಟಮ್ ಒತ್ತಿ, ಒಳಗೆಲ್ಲ ಒಂದು ಸುತ್ತು ಹಾಕಿ, ಏನೂ ಬದಲಾಯಿಸದೆ ಹೊರಗೆ ಬರುತ್ತಿದ್ದ. ಮಾವನ ಮನೆಯಲ್ಲಿ ಯಾರೂ ಮಾತಾಡಿಸದ ಅಳಿಯನ ಹಾಗೆ.

ಎರಡು ಸಾವಿರದ ಮೂರರಲ್ಲಿ ಅಫ್ಜಲ್ ಒಂದು ಸಿ.ಡಿ. ಮಾಡಿದ. ಮಶಿನ್ ಕೇಳುವ ಎಲ್ಲ ಪ್ರಶ್ನೆಗಳಿಗೂ ಮೊದಲೇ ಉತ್ತರ ಬರೆದು ಅದರೊಳಗೆ ಇಟ್ಟಿದ್ದ. ಸಿ.ಡಿ. ಹಾಕಿ ಎದ್ದು ಹೋದರೆ ಸಾಕು. ಅದೇ ಕೇಳಿಕೊಂಡು ಅದೇ ಉತ್ತರ ಹೇಳಿಕೊಂಡು ಮುಗಿಸುತ್ತಿತ್ತು.

"ಹಾಕಿಟ್ರೆ ನಾನು ನಮಾಜ್ ಮುಗಿಸ್ಕೊಂಡು ಬರೋದ್ರಲ್ಲಿ ರೆಡಿ ಇರತ್ತೆ" ಅಂದ ಅಫ್ಜಲ್.

ಮುನೀಂದ್ರ ಪರದೆಯನ್ನು ದಿಟ್ಟಿಸಿ ನೋಡಿದ. ಶುರುವಿನಲ್ಲಿ ವಿಂಡೋಸ್ ಕಂಪನಿಯವರ ಒಂದು ಒಪ್ಪಂದದ ಹಾಳೆ ಬರುತ್ತದೆ. ನೀಲಿ ಪರದೆ ತುಂಬ ಬಿಳಿ ಇಂಗ್ಲಿಷ್ ಅಕ್ಷರ, ಕೆಳಗೆ, ಒಪ್ಪಿದರೆ ಎಫ್ ಎಂಟು ಅನ್ನುವ ಕೀಲಿ ಒತ್ತಿ ಅಂತ ಇರುತ್ತದೆ. ಅದು ಬರಲೇ ಇಲ್ಲ.

"ಒಪ್ಪಂದ ಎಲ್ಲೋಯ್ತು?"

"ಅದೂ ಆಟೋಮ್ಯಾಟಿಕ್. ಅದೇ ಒಪ್ಕೊಂಡ್ಬಿಡತ್ತೆ."

"ಯಾರ ಪರವಾಗಿ ಒಪ್ಕೊಳ್ಳತ್ತೆ? ಮಶಿನ್ ಕಸ್ಟಮರ್‌ದು. ಅವರನ್ನ ಒಂದು ಮಾತು ಕೇಳ್ಬೇಡ್ವಾ?" ಮುನೀಂದ್ರನ ದನಿ ಏರಿತು.

ಅಫ್ಜಲ್ ನಕ್ಕುಬಿಟ್ಟ. "ಅರೆ ಗುರು, ಇಷ್ಟು ವರ್ಷದಲ್ಲಿ ಎಷ್ಟು ಮನೇಲಿ ಒಪ್ಪಿಗೆ ಒತ್ತಿದ್ದೀಯ? ಸಾವಿರ? ಒಬ್ರನ್ನಾದ್ರೂ ಕೇಳಿದ್ದೀಯಾ? ಒಂದ್ಸಲನಾದ್ರೂ ಓದಿದ್ದೀಯಾ? ನನ್ನ ಸಿ.ಡಿ. ವಾಸಿ. ಓದಿದ್ದೀನಿ ಅಂತ ಸುಳ್ಳಾದ್ರೂ ಹೇಳಲ್ಲ."

ಅಫ್ಜಲನಿಗೆ ತೋಟದ ಕಥೆ ಗೊತ್ತಿರಲಿಲ್ಲ. ತಮಾಷೆಗೆ ಅಂದ ಮಾತು. ಆದರೆ ಮುನೀಂದ್ರನ ಮುಖ ಹುಳ್ಳಗಾಯಿತು. ಏನೋ ಕೆಲಸ ನೆನಪಾಯಿತು ಅಂತ ಮೆಟ್ಟಿಲಿಳಿದು ಅತ್ತರ್ ಅಂಗಡಿಯ ಮುಂದೆ ಸುಮ್ಮನೆ ನಿಂತ. ಅಂಗಡಿಯವನು ಮಾಮೂಲಿನಂತೆ ಅವನ ಮಣಿಕಟ್ಟಿಗೆ ಒಂದು ಹನಿ ಹಚ್ಚಿದ.

ಮರುವರ್ಷ ಮಗಳು ಭವ್ಯಳಿಗೆ ಹನ್ನೊಂದು ತುಂಬಿತು. ಊರಿಗೆಲ್ಲ ಕಂಪ್ಯೂಟರ್ ಹಾಕಿಕೊಟ್ಟ ಮನುಷ್ಯನ ಸ್ವಂತ ಮನೆಯಲ್ಲಿ ಒಂದೂ ಇರಲಿಲ್ಲ. ಕೊನೆಗೂ ಮಗಳಿಗಾಗಿ ಒಂದು ಮಶಿನ್ ಜೋಡಿಸಿದ. ವಿಂಡೋಸನ್ನೂ ಅಂಗಡಿಯಿಂದ ಪೆಟ್ಟಿಗೆ ಸಮೇತ ಒರಿಜಿನಲ್ಲೇ ತಂದ. ಅದುವರೆಗೆ ಅವನು ಹಾಕಿದ ಸಿ.ಡಿ.ಗಳ ಕುಲಗೋತ್ರ ಕೇಳದಿರುವುದು ಒಳ್ಳೆಯದು. ಭಾನುವಾರ ಬೆಳಿಗ್ಗೆ ಸುಕನ್ಯ ಕ್ಯಾಬಿನೆಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, "ನಾಲ್ಕೂವರೆಗೆ ರಾಹುಕಾಲ ಬರತ್ತೆ ರೀ, ಅಷ್ಟರಲ್ಲಿ ಮುಗಿಸ್ಬಿಡಿ" ಅಂದಳು. ಇನ್ನೂ ಹನ್ನೊಂದು ಗಂಟೆ. ಮುನೀಂದ್ರ ನಕ್ಕ. ಒಂದೂವರೆ ಗಂಟೆಯ ಕೆಲಸ.

ಭವ್ಯ ಒಂದು ಕಡೆ ಕುರ್ಚಿಗೆ ಅಂಟಿಕೊಂಡು ನಿಂತಿದ್ದಳು. ಇನ್ನೊಂದು ಕಡೆ ಬೈರಮ್ಮ ಸ್ಟೂಲು ಹಾಕಿಕೊಂಡು, ಮಡಿಲಲ್ಲಿ ಮೊರ ಇಟ್ಟುಕೊಂಡು, ಗಾಡಿಯವನ ಹತ್ತಿರ ಕೊಂಡ ಕೊತ್ತಂಬರಿ ಸೋಸುತ್ತಿದ್ದಳು. ಕಿಟಕಿಯಾಚೆ, ತೋಟ ಇದ್ದ ಕಡೆ, ನಾಲ್ಕು ಮಹಡಿಯ ಅಪಾರ್ಟ್‌ಮೆಂಟು ಕಾಣುತ್ತಿತ್ತು. ಬಾವಿ ಇದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ.

ನೀಲಿ ಪರದೆ ಬಂತು. ಬಿಳಿ ಅಕ್ಷರಗಳು ತುಂಬಿಕೊಂಡವು. ಮುನೀಂದ್ರನ ಬೆರಳು ತಾನಾಗಿ ಎಫ್ ಎಂಟರ ಕಡೆ ಹೋಯಿತು.

"ಏನೈತೆ ಅದ್ರಾಗೆ?" ಅಂದಳು ಬೈರಮ್ಮ.

"ಏನಿಲ್ಲಮ್ಮ, ಎಲ್ಲಾರೂ ಒತ್ತೋದೇ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ಕೇಳಿಸಿತು. ಹದಿನಾಲ್ಕು ವರ್ಷದ ಹಿಂದಿನ ಅದೇ ಮಾತು, ಅದೇ ಅವಸರ. ಬೆರಳು ಅಲ್ಲೇ ನಿಂತಿತು. ಬೈರಮ್ಮನಿಗೆ ಏನೂ ಅನ್ನಿಸಿದಂತಿರಲಿಲ್ಲ. ಅವಳು ಒಂದು ಕೊಳೆತ ಎಲೆ ಕಿತ್ತು ಬದಿಗಿಟ್ಟು, "ನೀನು ಓದಿರ್ತೀಯ ಬಿಡು" ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ನಂಬಿಕೆಯನ್ನು ತಡೆದುಕೊಳ್ಳಲು ಆಗಲಿಲ್ಲ.

"ಓದಿಲ್ಲಮ್ಮ" ಅಂದ.

"ಓದಿಲ್ದಿದ್ರೆ ಈಗ ಓದು."

"ಇದನ್ನ ಯಾವತ್ತೂ ಓದಿಲ್ಲ. ಅದನ್ನೂ ಓದಿರ್ಲಿಲ್ಲ."

"ಯಾವುದನ್ನ?"

"ತೋಟದ ಕಾಗದಾನ."

ಬೈರಮ್ಮನ ಕೈ ನಿಂತಿತು. ಭವ್ಯ ಅಪ್ಪನನ್ನೂ ಅಜ್ಜಿಯನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು.

"ಏಳ್ನೇ ಹಾಳೆ?"

"ಏಳ್ನೇದೂ ಓದ್ಲಿಲ್ಲ. ಮೊದಲ್ನೇದು, ಕೊನೇದು ಬಿಟ್ಟು ಯಾವುದೂ ಓದ್ಲಿಲ್ಲ. ಎರಡು ಗಂಟೆಗೆ ಬಸ್ಸಿತ್ತು."

"ಬಸ್ಸು" ಅಂದಳು ಬೈರಮ್ಮ. ಮುನೀಂದ್ರ, ಮೂವತ್ತಾರು ವರ್ಷದ ಗಂಡಸು, ಮಗಳ ಎದುರು, ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಅತ್ತ. ಅಳುವಾಗಲೂ ಯಾವ ಕೀಲಿಗೂ ಕೈ ತಾಗದಂತೆ ಎಚ್ಚರ ವಹಿಸಿದ್ದನ್ನು ಆಮೇಲೆ ನೆನೆಸಿಕೊಂಡು ತನಗೆ ತಾನೇ ಥೂ ಅಂದುಕೊಂಡ.

"ಹಂಗಾದ್ರೆ ಆ ಸಫಾರಿಯೋನು ಹಾಳೆ ಬದಲಾಯಿಸ್ಲಿಲ್ಲ" ಅಂದಳು ಬೈರಮ್ಮ.

"ಇಲ್ಲಮ್ಮ. ಮೊದ್ಲೇ ಹಂಗೇ ಬರ್ಕೊಂಡು ಬಂದಿದ್ದ."

"ಮಾತೊಂದು ಆಡಿ, ಇನ್ನೊಂದು ಬರ್ದವ್ನೆ. ಅವನೂ ಕಳ್ಳನೇ. ಆದ್ರೆ ನಾನು ಸಾಪ ಹಾಕಿದ್ದು ಅವನಿಗಲ್ವಲ್ಲ. ಹಾಳೆ ಬದಲಾಯಿಸ್ದೋನ ಕೈ ಸೇದೋಗ್ಲಿ ಅಂತ ಅಲ್ವಾ ಹಾಕಿದ್ದು. ಬದಲಾಯಿಸ್ದೋನೇ ಇಲ್ಲ ಅಂದ್ರೆ, ಇಷ್ಟು ವರ್ಸದ್ದು ಯಾರಿಗೆ ತಗಲ್ತೋ?"

ಮುನೀಂದ್ರ ತನ್ನ ಬಲಗೈ ನೋಡಿಕೊಂಡ. ಎರಡು ವರ್ಷದಿಂದ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಹಿಡಿದುಕೊಂಡು ನೋಯುತ್ತಿತ್ತು. ಮೌಸ್ ಜಾಸ್ತಿ ಹಿಡಿದದ್ದಕ್ಕೆ ಅಂತ ಡಾಕ್ಟರು ಹೇಳಿದ್ದರು, ಪಟ್ಟಿಯನ್ನೂ ಕಟ್ಟಿದ್ದರು. ಡಾಕ್ಟರಿಗೆ ಪೂರ್ತಿ ವಿಷಯ ಗೊತ್ತಿರಲಿಲ್ಲ ಅನ್ನಿಸಿತು.

ಬೈರಮ್ಮ ಮೊರವನ್ನು ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು ಸ್ಟೂಲನ್ನು ಹತ್ತಿರಕ್ಕೆ ಎಳೆದಳು.

"ಓದು."

"ಇದು ಇಂಗ್ಲೀಷಮ್ಮ. ಉದ್ದಕ್ಕಿದೆ."

"ಕನ್ನಡದಾಗೆ ಹೇಳು. ಒಂದೂ ಬಿಡ್ಬೇಡ."

ಓದಲು ಶುರುಮಾಡಿದ. ಸಾವಿರ ಸಲ ಕಂಡ ಹಾಳೆ, ಮೊದಲನೇ ವಾಕ್ಯದಲ್ಲೇ ಎರಡು ಶಬ್ದ ಗೊತ್ತಿರಲಿಲ್ಲ. ಭವ್ಯ ಓಡಿಹೋಗಿ ಡಿಕ್ಷನರಿ ತಂದಳು. ಇದನ್ನು ನಿಮಗೆ ಮಾರಿಲ್ಲ, ಉಪಯೋಗಿಸಲು ಅನುಮತಿ ಕೊಟ್ಟಿದೆ ಅಷ್ಟೇ ಅನ್ನುವ ಕಡೆ ಮುನೀಂದ್ರ ಎರಡು ಸಲ ತಡವರಿಸಿದ.

"ದುಡ್ಡು ಕೊಟ್ಟೋರು ನಾವು, ಒಡೆತನ ಅವರ್ದು" ಅಂದಳು ಬೈರಮ್ಮ. "ಗುತ್ತಿಗೆ ಹೊಲ ಅನ್ನು."

"ಹೂಂ. ಗುತ್ತಿಗೆ ಥರಾನೇ."

"ಕೆಟ್ಟೋದ್ರೆ?"

"ಅದ್ರಿಂದ ನಮಗೆ ಏನೇ ನಷ್ಟ ಆದ್ರೂ ಅವರ ಜವಾಬ್ದಾರಿ ಹೆಚ್ಚುಕಡಿಮೆ ಇಲ್ವಂತೆ."

"ನಮ್ಮಪ್ಪ ಗುತ್ತಿಗೆ ಮಾಡ್ದಾಗ್ಲೂ ಇದೇ ಕತೆ. ಮಳೆ ಬಂದ್ರೂ, ಬರ್ದಿದ್ರೂ ನಮ್ದೇ ಪಾಡು. ಮುಂದೆ ಓದು."

ಹಲಸೂರಿನ ಡಾಕ್ಟರುಗಳಿಗೆ, ಇಂದಿರಾನಗರದ ಲಾಯರುಗಳಿಗೆ ಮಶಿನ್ ಹಾಕಿಕೊಟ್ಟಿದ್ದ ಮುನೀಂದ್ರ. ಅವರಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ. ಕಸ್ಟಮ್, ಕಸ್ಟಮ್ ಅಂತ ಬಾಯಿ ಬಡಿದುಕೊಳ್ಳುತ್ತಾ, ಎಲ್ಲಕ್ಕಿಂತ ದೊಡ್ಡ ಪ್ರಶ್ನೆಗೆ ಪ್ರತಿ ಮನೆಯಲ್ಲೂ ಟಿಪಿಕಲ್ ಉತ್ತರವನ್ನೇ ಕೊಟ್ಟು ಬಂದಿದ್ದ.

ಒಂದು ಪ್ಯಾರಾ ತೀರಾ ಜಿಗುಟಾಗಿತ್ತು. ಒಂದು ಸಾಲು ಮೆಲ್ಲಗೆ ದಾಟಿದ.

"ಈಗ ಒಂದು ಸಾಲು ಹಾರಿಸ್ದೆ" ಅಂದಳು ಬೈರಮ್ಮ.

ಮುನೀಂದ್ರ ಬೆಚ್ಚಿಬಿದ್ದ. "ನಿಂಗೆ ಹೆಂಗೆ ಗೊತ್ತಾಯ್ತು?"

"ಕಣ್ಣು ಕೆಳಗಿಳೀತು, ಬಾಯಿ ಬರ್ಲಿಲ್ಲ. ಅವತ್ತು ನಿನ್ನ ಕಣ್ಣು ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು. ನಾನು ಕಾಗದ ನೋಡ್ತಾ ಕೂತಿದ್ದೆ. ಅಕ್ಷರ ಬಂದಂಗೆ."

ಒಂದೂವರೆಗೆ ಸುಕನ್ಯ ಊಟಕ್ಕೆ ಕರೆದಳು. ಮುದ್ದೆ, ಬಸ್ಸಾರು. ಬೈರಮ್ಮ ಎಂದಿನಂತೆ ಮಗನಿಗೆ ಇನ್ನೊಂದು ಸೌಟು ಹಾಕಿಸಿದಳು. ಮುನೀಂದ್ರ ತಲೆ ಎತ್ತದೆ ಉಂಡ. ಒಳಗೆ ಮಶಿನ್ ನೀಲಿ ಪರದೆ ಇಟ್ಟುಕೊಂಡು ಕಾಯುತ್ತಲೇ ಇತ್ತು. ಅದಕ್ಕೇನೂ ಬಸ್ಸು ಹಿಡಿಯಬೇಕಾಗಿರಲಿಲ್ಲ.

ಊಟವಾದ ಮೇಲೆ ಮತ್ತೆ ಕೂತರು. ಕೊನೆಯ ಸಾಲು ಮುಗಿಯುವಾಗ ನಾಲ್ಕು ದಾಟಿತ್ತು. ಮುನೀಂದ್ರನ ಗಂಟಲು ಒಣಗಿತ್ತು.

"ಅಷ್ಟೇ ಅಮ್ಮ. ಒಪ್ಪಿದ್ರೆ ಇದು, ಎಫ್ ಎಂಟು. ಒಪ್ದಿದ್ರೆ ಇದು, ಮೂಲೇಲಿರೋದು, ಎಸ್ಕೇಪ್."

"ಬೇಡ ಅನ್ನಾಕೂ ಗುಂಡಿ ಐತಾ?"

"ಐತೆ."

"ಈಗ ಬಂತಾ?"

"ಇಲ್ಲಮ್ಮ, ಮೊದ್ಲಿಂದ್ಲೂ ಐತೆ."

"ಯಾರಾದ್ರೂ ಒತ್ತವ್ರಾ?"

"ನಾನು ನೋಡಿಲ್ಲ."

ಬೈರಮ್ಮ ಎದ್ದಳು. ಬಲಗೈ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ಶಾಯಿಗೆ ಅದ್ದುವ ಮೊದಲು ಒರೆಸಿಕೊಳ್ಳುತ್ತಾರಲ್ಲ, ಹಾಗೆ. ಮೂಲೆಯ ಗುಂಡಿಯ ಮೇಲೆ ಹೆಬ್ಬೆಟ್ಟು ಇಟ್ಟು ಒತ್ತಿದಳು.

"ಅಜ್ಜೀ!" ಅಂತ ಭವ್ಯ ಕಿರುಚಿದಳು.

ಒಪ್ಪಂದದ ಹಾಳೆ ಮಾಯವಾಯಿತು. ನೀವು ಒಪ್ಪಿಲ್ಲ, ಮುಂದೆ ಹೋಗಲಾಗದು ಅಂತ ಮಶಿನ್ ಹೇಳಿತು. ಹೊರಗೆ ಬರುವ ಗುಂಡಿಯನ್ನು ಮುನೀಂದ್ರನೇ ಒತ್ತಿದ. ಪರದೆ ಕಪ್ಪಾಯಿತು.

"ಹೋಯ್ತಾ?" ಅಂದಳು ಬೈರಮ್ಮ.

"ಹೋಯ್ತು."

"ಬೇಡ ಅಂದ್ರೆ ಹೋಗತ್ತೆ" ಅಂದಳು. ಯಾರಿಗೂ ಹೇಳಿದಂತಿರಲಿಲ್ಲ. ಕಿಟಕಿಯಾಚೆ ಅಪಾರ್ಟ್‌ಮೆಂಟಿನ ಕಡೆ ನೋಡುತ್ತಾ ನಿಂತಳು. ಹದಿನಾಲ್ಕು ವರ್ಷ ತಡವಾಗಿ, ತನ್ನದಲ್ಲದ ಒಂದು ಕಾಗದಕ್ಕೆ ಬೇಡ ಅಂದ ಆ ಮುಖದಲ್ಲಿ ಮುನೀಂದ್ರನಿಗೆ ಸಿಟ್ಟು ಕಾಣಲಿಲ್ಲ. ಸಿಟ್ಟು ಕಂಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೆ ತಿರುಗಿ ಬಂದು ಸ್ಟೂಲಿನ ಮೇಲೆ ಕೂತಳು. "ಇನ್ನೊಂದ್ಸಲ ಹಾಕು. ಮಗೀಗೆ ಬೇಕು."

ಸಿ.ಡಿ. ಮತ್ತೆ ಗಿರಗಿರನೆ ತಿರುಗಿತು. ಭವ್ಯ ಕಣ್ಣೊರೆಸಿಕೊಂಡಳು. ಅಡುಗೆಮನೆಯಿಂದ ಸುಕನ್ಯ, "ನಾಲ್ಕೂವರೆ ಆಗ್ತಾ ಬಂತು ರೀ" ಅಂತ ಕೂಗಿದಳು. ಅದೇ ನೀಲಿ ಪರದೆ ಬಂತು, ಅದೇ ಬಿಳಿ ಅಕ್ಷರ. ಒಂದಕ್ಷರವೂ ಬದಲಾಗಿರಲಿಲ್ಲ. ಈಗಷ್ಟೇ ಪೂರ್ತಿ ಓದಿದ್ದ, ಹೆಚ್ಚುಕಡಿಮೆ ಬಾಯಿಪಾಠವೇ ಆಗಿತ್ತು. ಈ ಸಲ ಒತ್ತಿಬಿಡಬಹುದು ಅಂತ ಮುನೀಂದ್ರನ ಬೆರಳು ಎಫ್ ಎಂಟರ ಕಡೆ ಹೊರಟಿತು.

ಬೈರಮ್ಮನ ಕಡೆ ನೋಡಿದ. ಅವಳು ಪರದೆ ನೋಡುತ್ತಿರಲಿಲ್ಲ. ಅವನ ಕಣ್ಣನ್ನೇ ನೋಡುತ್ತಿದ್ದಳು.

ಮುನೀಂದ್ರ ಕೈ ಹಿಂದಕ್ಕೆ ತೆಗೆದುಕೊಂಡು ಮೊದಲ ಸಾಲಿನಿಂದ ಓದತೊಡಗಿದ.